‘ಅಂಜಬೇಡ’ ಎನ್ನುವ ಮುನ್ನ

ಪವಿತ್ರ ಬೈಬಲಿನಲ್ಲಿ ‘ಅಂಜಬೇಡ’ ಎಂಬ ಮಾತು 365 ಸಲ ಬರುತ್ತದೆ, ವರ್ಷದ ದಿನಕ್ಕೊಂದರಂತೆ ದೇವರೇ ಎಣಿಸಿ ಇಟ್ಟಿದ್ದಾರೆ ಎಂಬ ಹೇಳಿಕೆಯನ್ನು ಓದುಗರಾದ ತಾವು ಕೇಳಿಯೇ ಇರುತ್ತೀರಿ. ಧ್ಯಾನಕೂಟಗಳ ವೇದಿಕೆಯಲ್ಲಿ, ದೇವಾಲಯದ ಬಾಗಿಲಲ್ಲಿ ಹಂಚುವ ಕಿರುಹೊತ್ತಗೆಗಳಲ್ಲಿ, ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಶುಭಾಶಯದ ಚಿತ್ರಗಳಲ್ಲಿ ಈ ಲೆಕ್ಕ ಬಹುಕಾಲದಿಂದ ಓಡಾಡುತ್ತಿದೆ. ಆದರೆ ಬೈಬಲನ್ನು ತೆರೆದು ಎಣಿಸಲು ಕುಳಿತವರಿಗೆ ಲೆಕ್ಕ ಸರಿಹೊಂದುವುದಿಲ್ಲ. ಆ ಮಾತು ನೇರವಾಗಿ ಬರುವ ಸ್ಥಳಗಳು 365ರ ಹತ್ತಿರಕ್ಕೂ ಹೋಗುವುದಿಲ್ಲ. ಒಂದು ವೇಳೆ ಸರಿಹೊಂದಿದರೂ ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ 29ರಂದು ನಾವು ಅಂಜಬಹುದೇ ಎಂದು ತುಂಟ ಹುಡುಗನೊಬ್ಬ ಧರ್ಮೋಪದೇಶದ ತರಗತಿಯಲ್ಲಿ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಲೆಕ್ಕ ತಪ್ಪಾದರೆ ಯಾರಿಗೂ ದೊಡ್ಡ ಹಾನಿಯಿಲ್ಲ. ಹಾನಿಯಿರುವುದು ಆ ಲೆಕ್ಕದ ಹಿಂದೆ ಸದ್ದಿಲ್ಲದೆ ಬರುವ ಸಿದ್ಧಾಂತದಲ್ಲಿ. ಭಯವೆಂದರೆ ಅವಿಶ್ವಾಸ, ಚಿಂತೆಯೆಂದರೆ ದೇವರಿಗೆ ಮಾಡುವ ಅವಮಾನ, ನಿಜವಾದ ಕ್ರೈಸ್ತನ ಎದೆ ಎಂದೂ ನಡುಗದು ಎಂಬುದೇ ಆ ಸಿದ್ಧಾಂತ. ಭಯ ನಿವಾರಣೆಯನ್ನು ಕುರಿತ ನಮ್ಮ ಭಕ್ತಿಸಾಹಿತ್ಯದ ದೊಡ್ಡ ಭಾಗವೊಂದು ಇದನ್ನು ಪ್ರಶ್ನಿಸದೆ ಒಪ್ಪಿಕೊಂಡಿದೆ. ಅದರ ಫಲವನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತ ಪ್ರತಿಯೊಬ್ಬ ಗುರುವೂ ಬಲ್ಲರು. ರೋಗದ ಭಯದಿಂದ ನಿದ್ರೆಗೆಟ್ಟವರು, ತಾವು ನಿದ್ರೆಗೆಟ್ಟದ್ದೇ ಪಾಪವೆಂದು ನಿವೇದಿಸಿಕೊಳ್ಳುತ್ತಾರೆ. ಇದ್ದ ಹೊರೆಯ ಮೇಲೆ ಇನ್ನೊಂದು ಹೊರೆ! ಹೊರಲಾರದ ಹೊರೆಗಳನ್ನು ಜನರ ಹೆಗಲಿಗೇರಿಸಿ ತಾವು ಬೆರಳನ್ನೂ ಸೋಕಿಸದವರನ್ನು ಪ್ರಭು ಯೇಸು ಖಂಡಿಸಿದ್ದನ್ನು ನಾವು ಮರೆಯಬಾರದು. ಆದ್ದರಿಂದ ಈ ಬಗೆಯ ಸಾಂತ್ವನವನ್ನು ಸ್ವಲ್ಪ ವಿಮರ್ಶೆಯ ಕಣ್ಣಿನಿಂದ ನೋಡುವುದು ಅಗತ್ಯವೆನಿಸುತ್ತದೆ.

ಯಾರ ಭಯ, ಎಂಥ ಭಯ?

ಮೊದಲು ಭಯದ ವಿಳಾಸವನ್ನು ಅರಿಯೋಣ. ಹಲಸೂರಿನ ಜೋಗುಪಾಳ್ಯವನ್ನೇ ತೆಗೆದುಕೊಳ್ಳಿ. ಒಂದು ಕಡೆ ಹಲಸೂರು ಕೆರೆ, ಇನ್ನೊಂದು ಕಡೆ ಸಿರಿವಂತ ಇಂದಿರಾನಗರ. ನಡುವೆ ಒತ್ತೊತ್ತಾಗಿ ನಿಂತ ಮನೆಗಳ ಕಿರಿದಾದ ಬೀದಿಗಳು. ಇಂಥ ಬೀದಿಯ ಭಯಗಳು ತತ್ತ್ವಶಾಸ್ತ್ರದ ಭಯಗಳಲ್ಲ. ಭೋಗ್ಯದ ಅವಧಿ ಮುಗಿಯುತ್ತಿದೆ, ಮನೆಯ ಮಾಲೀಕರು ಏನೆನ್ನುವರೋ? ಚೀಟಿ ಹಣ ಕಟ್ಟಿಸಿಕೊಂಡವರು ಊರಲ್ಲಿ ಇದ್ದಾರೋ ಇಲ್ಲವೋ? ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಏನಾಗುವುದೋ? ಮನೆಗೆಲಸಕ್ಕೆ ಹೋಗುವ ಮನೆಯವರು ನಾಳೆಯಿಂದ ಬರಬೇಡ ಎಂದರೆ? ಸ್ಕ್ಯಾನಿಂಗ್ ವರದಿಯಲ್ಲಿ ಆ ಗಂಟು ಏನೆಂದು ಬರೆದಿದೆಯೋ? ಇವು ಸಣ್ಣ ಭಯಗಳೆಂದು ಹೇಳುವವರಿಗೆ ತಿಂಗಳ ಕೊನೆಯ ವಾರದ ಪರಿಚಯವಿಲ್ಲ.

ನಮ್ಮ ಕನ್ನಡ ನುಡಿ ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿದೆ. ಹಠಾತ್ತನೆ ಬಂದೆರಗುವುದು ದಿಗಿಲು. ಹೆಜ್ಜೆಯಿಡುವ ಮುನ್ನ ಒಳಗೊಳಗೇ ಹಿಂಜರಿಸುವುದು ಅಳುಕು. ಕಣ್ಣೆದುರಿನ ಅಪಾಯಕ್ಕೆ ಹೆದರಿಕೆ. ಇನ್ನೂ ಬಾರದಿದ್ದುದನ್ನು ಇಂದೇ ಅನುಭವಿಸುವುದು ಚಿಂತೆ. ಚಿತೆಗೂ ಚಿಂತೆಗೂ ಇರುವುದು ಒಂದು ಸೊನ್ನೆಯ ಅಂತರವೆಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ದೇವರ ಮುಂದಿನ ಭಕ್ತಿಪೂರ್ವಕ ವಿನಯಕ್ಕೂ ನಾವು ‘ದೇವರಿಗೆ ಅಂಜಿ ನಡೆಯುವುದು’ ಎನ್ನುತ್ತೇವೆ. ಆ ಅಂಜಿಕೆ ಸದ್ಗುಣ. ಇವೆಲ್ಲವನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ‘ಅಂಜಬೇಡ’ ಎಂಬ ಒಂದೇ ಚೀಟಿ ಅಂಟಿಸುವುದು ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಕೊಡುವ ವೈದ್ಯನ ಕೆಲಸವಾದೀತು.

ಆ ಮಾತಿನ ಹಿಂದೆಯೇ ಬರುವುದು

ಬೈಬಲಿನಲ್ಲಿ ‘ಅಂಜಬೇಡ’ ಎಂಬ ಮಾತು ಎಂದೂ ಒಂಟಿಯಾಗಿ ಬರುವುದಿಲ್ಲ ಎಂದರೆ ಅತಿಶಯೋಕ್ತಿಯಾದೀತು. ಆದರೆ ಬಹುತೇಕ ಕಡೆ ಅದರ ಬೆನ್ನಿಗೆ ಒಂದು ಕಾರಣವೋ ಒಂದು ಕೆಲಸವೋ ಇದ್ದೇ ಇರುತ್ತದೆ. ಆದಿಕಾಂಡದ 21ನೇ ಅಧ್ಯಾಯದ ಹಾಗರಳನ್ನು ನೆನೆಯಿರಿ. ಆಕೆ ಮನೆಯಿಂದ ಹೊರಹಾಕಲ್ಪಟ್ಟ ದಾಸಿ. ಬುದ್ದಲಿಯ ನೀರು ತೀರಿದೆ, ಮಗ ಸಾಯುವುದನ್ನು ನೋಡಲಾರದೆ ಅಷ್ಟು ದೂರ ಹೋಗಿ ಕುಳಿತು ಅಳುತ್ತಿದ್ದಾಳೆ. ದೇವದೂತ ಆಕೆಗೆ ಅಂಜಬೇಡವೆಂದು ಹೇಳಿ ಮಾಯವಾಗುವುದಿಲ್ಲ. ಎದ್ದು ಮಗನ ಕೈಹಿಡಿಯುವಂತೆ ಹೇಳುತ್ತಾನೆ. ದೇವರು ಆಕೆಯ ಕಣ್ಣು ತೆರೆಯುತ್ತಾರೆ. ಅಲ್ಲಿ ನೀರಿನ ಬಾವಿಯಿದೆ. ಆಕೆಯ ಭಯಕ್ಕೆ ದೇವರ ಉತ್ತರ ನೀರು.

ಇನ್ನು ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯ. ಬಂಧಿಯಾಗಿ ರೋಮಿಗೆ ಹೊರಟ ಸಂತ ಪೌಲರ ಹಡಗು ಬಿರುಗಾಳಿಗೆ ಸಿಕ್ಕಿದೆ. ಹಡಗಿನಲ್ಲಿ 276 ಜನ. ರಾತ್ರಿ ಪೌಲರಿಗೆ ಅಂಜಬೇಡವೆಂಬ ಸಂದೇಶ ಬರುತ್ತದೆ. ಆಮೇಲೆ ಪೌಲರು ಕೈಕಟ್ಟಿ ಕುಳಿತರೇ? ಇಲ್ಲ. ನಾವಿಕರು ಚಿಕ್ಕ ದೋಣಿ ಇಳಿಸಿ ತಾವಷ್ಟೇ ಪಾರಾಗಲು ಹವಣಿಸಿದಾಗ ಅದನ್ನು ಶತಾಧಿಪತಿಯ ಗಮನಕ್ಕೆ ತಂದರು. ಬಹುದಿನಗಳಿಂದ ಉಪವಾಸವಿದ್ದವರಿಗೆ ಊಟ ಮಾಡಿರೆಂದು ಒತ್ತಾಯಿಸಿದರು; ತಾವೇ ರೊಟ್ಟಿ ತೆಗೆದುಕೊಂಡು ದೇವರಿಗೆ ಕೃತಜ್ಞತೆ ಸಲ್ಲಿಸಿ ಮೊದಲು ತಿಂದರು. ಆಮೇಲೆ ಹಡಗಿನ ಭಾರ ಇಳಿಸಲು ಗೋಧಿಯನ್ನು ಸಮುದ್ರಕ್ಕೆ ಸುರಿದರು. ವಿಶ್ವಾಸ ಮತ್ತು ನೌಕಾಶಾಸ್ತ್ರ ಎರಡೂ ಒಂದೇ ಹಡಗಿನಲ್ಲಿ ಪ್ರಯಾಣ ಮಾಡಿದವು.

ಹಕ್ಕಿ, ಹೂವು ಮತ್ತು ಮರೆತ ಕೊನೆಯ ವಾಕ್ಯ

ಚಿಂತೆಯ ಕುರಿತು ಪ್ರಬೋಧನೆ ಮಾಡುವವರೆಲ್ಲ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯಕ್ಕೆ ಹೋಗುತ್ತೇವೆ. ಆದರೆ ಅನೇಕ ವೇಳೆ ಆ ಭಾಗವನ್ನು ಎರಡೂ ತುದಿ ಕತ್ತರಿಸಿ ಓದುತ್ತೇವೆ. ಅದು ‘ಆದುದರಿಂದ’ ಎಂಬ ಅರ್ಥದ ಮಾತಿನಿಂದ ತೊಡಗುತ್ತದೆ. ಅಂದರೆ ಅದಕ್ಕೆ ಹಿಂದಿನ ವಾಕ್ಯವೊಂದಿದೆ. ದೇವರು ಮತ್ತು ಧನ, ಈ ಇಬ್ಬರು ಯಜಮಾನರಿಗೆ ಒಟ್ಟಿಗೆ ಸೇವೆ ಸಲ್ಲಿಸಲಾಗದು ಎಂಬುದೇ ಆ ವಾಕ್ಯ. ಚಿಂತೆಯ ಪ್ರಶ್ನೆ ಅಲ್ಲಿಂದ ಹುಟ್ಟಿದೆ: ನಮ್ಮ ಯಜಮಾನ ಯಾರು? ಭಾಗದ ಕೊನೆಯಲ್ಲಿ ಪ್ರಭು, ಆಯಾ ದಿನಕ್ಕೆ ಅಂದಿನ ಕಾಟವೇ ಸಾಕೆಂಬ ಅರ್ಥದ ಮಾತಾಡುತ್ತಾರೆ. ಕಾಟವೇ ಇರದು ಎಂದು ಅವರು ಭರವಸೆ ಕೊಡಲಿಲ್ಲ. ದಿನಗೂಲಿಯ ಗಲಿಲೇಯದ ಜನರೆದುರು ನಿಂತು ಹಾಗೆ ಹೇಳಲು ಅವರಿಗೆ ಮನಸ್ಸೂ ಬರುತ್ತಿರಲಿಲ್ಲ. ಇದೇ ಅಧ್ಯಾಯದಲ್ಲಿ ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡುವುದು ಈ ದಿನದ ಆಹಾರವನ್ನು, ಗೋದಾಮನ್ನಲ್ಲ. ಬೇಡುವವರೂ ‘ನಾನು’ ಅಲ್ಲ, ‘ನಾವು’.

ಇಲ್ಲಿ ಮೂಲ ಗ್ರೀಕಿನ ಪದವೊಂದನ್ನು ಗಮನಿಸಬೇಕು. ಚಿಂತಿಸಬೇಡಿ ಎನ್ನುವಲ್ಲಿ ಮತ್ತಾಯ ಬಳಸುವ ಕ್ರಿಯಾಪದ ‘ಮೆರಿಮ್ನಾವೊ’. ಇದೇ ಪದವನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ಮೆಚ್ಚುಗೆಯಿಂದ ಬಳಸುತ್ತಾರೆ: ಒಂದೇ ದೇಹದ ಅಂಗಗಳು ಒಂದು ಇನ್ನೊಂದರ ಬಗ್ಗೆ ಚಿಂತಿಸಬೇಕು! ಎರಡನೆಯ ಪತ್ರದ 11ನೇ ಅಧ್ಯಾಯದಲ್ಲಿ, ಎಲ್ಲ ಸಭೆಗಳ ಚಿಂತೆಯೂ ದಿನವೂ ತಮ್ಮನ್ನು ಒತ್ತುತ್ತಿದೆಯೆಂದು ಹೇಳಿಕೊಳ್ಳುವಾಗಲೂ ಅದೇ ಮೂಲದ ಪದ. ಪ್ರಭು ನಿಷೇಧಿಸಿದ್ದನ್ನು ಪೌಲರು ವಿಧಿಸಿದರೇ? ಹಾಗಲ್ಲ. ತನ್ನೊಬ್ಬನ ಸುತ್ತ ಗಿರಕಿ ಹೊಡೆಯುವ ಚಿಂತೆಯನ್ನು ಪ್ರಭು ಬಿಡಿಸುತ್ತಾರೆ. ಬಿಡುಗಡೆಯಾದ ಆ ಶಕ್ತಿಯನ್ನು ಪೌಲರು ನೆರೆಯವರ ಕಡೆಗೆ ಹರಿಸುತ್ತಾರೆ. ನನ್ನ ಚಿಂತೆಯನ್ನು ನೀವು, ನಿಮ್ಮ ಚಿಂತೆಯನ್ನು ನಾನು ಹೊರುವ ಸಮುದಾಯ ಇದ್ದಾಗ ಮಾತ್ರ ಹಕ್ಕಿ ಹೂವುಗಳ ಆ ಮಾತು ಬಡವನ ಕಿವಿಗೆ ಶುಭಸಂದೇಶವಾಗಿ ಕೇಳಿಸೀತು. ಇಲ್ಲವಾದರೆ ಅದು ಹೊಟ್ಟೆ ತುಂಬಿದವರು ಹಸಿದವರಿಗೆ ಮಾಡುವ ಉಪದೇಶವಾಗುತ್ತದೆ.

ಪ್ರಭುವೇ ನಡುಗಿದಾಗ

ಆದರೆ ಬಿರುಗಾಳಿಯಲ್ಲಿ ಹೆದರಿದ ಶಿಷ್ಯರನ್ನು ಪ್ರಭು ಗದರಿಸಲಿಲ್ಲವೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಾರ್ಕನ ಶುಭಸಂದೇಶದಲ್ಲಿ ಪ್ರಭು ಮೊದಲು ಗಾಳಿಯನ್ನು ತಡೆದು ಆಮೇಲೆ ಶಿಷ್ಯರನ್ನು ಪ್ರಶ್ನಿಸುತ್ತಾರೆ. ಮತ್ತಾಯನಲ್ಲಿ ಪ್ರಶ್ನೆ ಮೊದಲು, ಶಾಂತಿ ಆಮೇಲೆ. ಎರಡು ಕಡೆಯೂ ಪ್ರಶ್ನಿಸುವವರು ಅದೇ ದೋಣಿಯಲ್ಲಿದ್ದಾರೆ. ನೀರಿನ ಮೇಲೆ ನಡೆಯಹೋಗಿ ಮುಳುಗತೊಡಗಿದ ಪೇತ್ರನ ವಿಷಯದಲ್ಲಂತೂ ಕ್ರಮ ಸ್ಪಷ್ಟವಾಗಿದೆ: ಪ್ರಭು ತಕ್ಷಣ ಕೈಚಾಚಿ ಹಿಡಿದರು, ಆಮೇಲೆ ಅಲ್ಪವಿಶ್ವಾಸದ ಮಾತೆತ್ತಿದರು. ದಡದಲ್ಲಿ ನಿಂತು ಮುಳುಗುವವನಿಗೆ ವಿಶ್ವಾಸದ ಪಾಠ ಹೇಳುವುದಕ್ಕೆ ಶುಭಸಂದೇಶದಲ್ಲಿ ಆಧಾರವಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಗೆತ್ಸೆಮನೆ. ಅಲ್ಲಿ ಪ್ರಭು ದಿಗಿಲುಗೊಂಡು ತಳಮಳಿಸಿದರೆಂದು ಮಾರ್ಕ ಮರೆಮಾಚದೆ ಬರೆಯುತ್ತಾನೆ. ಹಿಬ್ರಿಯರಿಗೆ ಬರೆದ ಪತ್ರ ಅವರ ಕೂಗನ್ನೂ ಕಣ್ಣೀರನ್ನೂ ನೆನೆಯುತ್ತದೆ. ಸಂತ ಥಾಮಸ್ ಅಕ್ವಿನಾಸ್ ತಮ್ಮ ‘ಸುಮ್ಮಾ ಥಿಯಾಲಾಜಿಕಾ’ದ ಮೂರನೆಯ ಭಾಗದಲ್ಲಿ ಕ್ರಿಸ್ತರಲ್ಲಿ ಭಯವಿತ್ತೇ ಎಂಬ ಪ್ರಶ್ನೆಯನ್ನೇ ಎತ್ತಿ, ಮುಂಬರುವ ನೋವಿನಿಂದ ಮಾನವ ಸ್ವಭಾವ ಸಹಜವಾಗಿ ಹಿಂಜರಿಯುತ್ತದೆ, ಆ ಅರ್ಥದಲ್ಲಿ ಅವರಲ್ಲಿ ಭಯವಿತ್ತು ಎಂದು ಉತ್ತರಿಸುತ್ತಾರೆ. ಪಾಪವಿಲ್ಲದವರು ಭಯಪಟ್ಟರೆಂದ ಮೇಲೆ ಭಯವೇ ಪಾಪವಾಗುವುದು ಹೇಗೆ? ಆ ರಾತ್ರಿ ಪ್ರಭು ಶಿಷ್ಯರಿಂದ ಕೇಳಿದ್ದು ಒಂದೇ: ತಮ್ಮೊಡನೆ ಎಚ್ಚರವಾಗಿರುವುದು. ಅವರು ನಿದ್ರೆ ಮಾಡಿದರು.

ಭಯಕ್ಕೆ ಅದರದ್ದೇ ಉಪಯೋಗವೂ ಉಂಟು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಹರಕೆ ಹೊತ್ತರು, ಪ್ರಾರ್ಥಿಸಿದರು. ಅದೇ ಭಯ ಈ ನಗರಕ್ಕೆ ಗಾಳಿ ಬೆಳಕಿನ ಪಾಠವನ್ನೂ ಕಲಿಸಿತು. ಕಿಕ್ಕಿರಿದ ದಂಡುಪ್ರದೇಶದ ಬೀದಿಗಳಿಗೆ ಪರಿಹಾರವಾಗಿ ಮುಂದಿನ ದಶಕದಲ್ಲಿ ಫ್ರೇಜರ್ ಟೌನ್ ರೂಪುಗೊಂಡಿತು. ಕಾಲಕ್ಕೆ ತಕ್ಕ ಮುಂದಾಲೋಚನೆ ಚಿಂತೆಯಲ್ಲ, ವಿವೇಕ ಎಂದು ಅಕ್ವಿನಾಸರೂ ಹೇಳುತ್ತಾರೆ. ಸುಗ್ಗಿಯ ಚಿಂತೆ ಸುಗ್ಗಿಯಲ್ಲಿರಲಿ, ಅದನ್ನು ಬಿತ್ತನೆಯ ದಿನಕ್ಕೆ ಎಳೆದು ತರಬೇಡಿ ಎಂಬುದು ಅವರ ವಾದದ ತಿರುಳು.

‘ದ್ವೀಪ’ ಕೇಳುವ ಪ್ರಶ್ನೆ

ಭಯ ಮತ್ತು ದೇವರ ಮೇಲಿನ ಭರವಸೆಯನ್ನು ಕುರಿತು ಕನ್ನಡದಲ್ಲಿ ಬಂದ ಆಳವಾದ ಧ್ಯಾನಗಳಲ್ಲಿ ಒಂದನ್ನು ಕೊಟ್ಟವರು ನಮ್ಮವರೇ ಆದ ನಾ. ಡಿಸೋಜ ಅವರು. 1937ರಲ್ಲಿ ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, ಶರಾವತಿ ಯೋಜನೆಯಿಂದ ಮುಳುಗಿದ ಊರುಗಳ ದುಃಖವನ್ನು ಹತ್ತಿರದಿಂದ ಕಂಡು ಬರೆದ ಅವರು 2025ರ ಜನವರಿ 5ರಂದು ನಮ್ಮನ್ನಗಲಿದರು. ಅವರ ‘ದ್ವೀಪ’ ಕೃತಿಯನ್ನು ಗಿರೀಶ್ ಕಾಸರವಳ್ಳಿಯವರು ಅದೇ ಹೆಸರಿನ ಚಲನಚಿತ್ರವಾಗಿಸಿದರು. 2001ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ನಾಗಿಯ ಪಾತ್ರದಲ್ಲಿ ನಟಿಸಿದ ಸೌಂದರ್ಯ ಅವರೇ ಅದರ ನಿರ್ಮಾಪಕರು.

ಚಿತ್ರದ ಕಥೆ ಸರಳ. ಅಣೆಕಟ್ಟಿನ ಹಿನ್ನೀರು ಏರುತ್ತಿದೆ. ಊರವರೆಲ್ಲ ಹೊರಟುಹೋದ ಮೇಲೂ ಗಣಪ ಮತ್ತು ನಾಗಿ ದಂಪತಿ ಸೀತಾಪರ್ವತದ ಮೇಲೆ ಉಳಿಯುತ್ತಾರೆ. ಮಳೆ, ಒಂಟಿತನ, ಸಂಶಯ, ಹುಲಿಯ ಭಯ ಎಲ್ಲವೂ ಅವರನ್ನು ಸುತ್ತುತ್ತವೆ. ಗಂಡ ಕುಸಿಯುತ್ತಾನೆ, ನಾಗಿ ನಿಲ್ಲುತ್ತಾಳೆ. ಬೆಂಕಿ ಉರಿಸಿ ಕಾಯುತ್ತಾಳೆ, ಮನೆಯನ್ನೂ ಮನಸ್ಸನ್ನೂ ಉಳಿಸುತ್ತಾಳೆ. ಮಳೆ ನಿಂತು ನೀರು ಇಳಿದಾಗ ಗಣಪ ನಿರಾಳನಾಗುತ್ತಾನೆ. ಎಲ್ಲವೂ ದೈವಕೃಪೆ ಎನ್ನುತ್ತಾನೆ. ಪಕ್ಕದಲ್ಲೇ ಇರುವ ನಾಗಿ ಅವನ ಕಣ್ಣಿಗೆ ಬೀಳುವುದಿಲ್ಲ.

ಗಣಪನ ಭಕ್ತಿ ಸುಳ್ಳಲ್ಲ. ಅದನ್ನು ಹೀಯಾಳಿಸುವುದು ಚಿತ್ರದ ಉದ್ದೇಶವೂ ಅಲ್ಲ. ದೇವರ ಕೃಪೆ ಯಾವ ಕೈಗಳ ಮೂಲಕ ತನ್ನ ಮನೆಗೆ ಬಂತೆಂದು ಅವನು ನೋಡಲಿಲ್ಲ ಎಂಬುದೇ ಅವನ ಕೊರತೆ. ಅವನ ಪೂಜಾವಿಧಿ ಬೇರೆ, ನಮ್ಮದು ಬೇರೆ. ಕೊರತೆ ಮಾತ್ರ ಒಂದೇ. ನಮ್ಮ ಧ್ಯಾನಕೂಟಗಳ ಸಾಕ್ಷ್ಯಗಳನ್ನು ಕೇಳಿ ನೋಡಿ. ಜ್ವರ ಇಳಿಸಿದವರು ದೇವರು, ಸಾಲ ತೀರಿಸಿದವರು ದೇವರು, ಭಯ ನೀಗಿಸಿದವರು ದೇವರು. ನಿಜವೇ. ಆದರೆ ರಾತ್ರಿಯಿಡೀ ತಲೆಗೆ ತಣ್ಣೀರು ಬಟ್ಟೆ ಹಾಕಿದ ಹೆಂಡತಿ ಎಲ್ಲಿ? ಬಳೆ ಅಡವಿಟ್ಟ ತಂಗಿ ಎಲ್ಲಿ? ಪಾಳಿ ಮುಗಿದರೂ ವಾರ್ಡಿನಲ್ಲಿ ಉಳಿದ ದಾದಿ ಎಲ್ಲಿ? ದೇವರನ್ನು ಸ್ತುತಿಸಲು ನಾಗಿಯನ್ನು ಅಳಿಸಬೇಕಾಗಿಲ್ಲ. ಮಾಂಸವಾದ ವಾಕ್ಯವನ್ನು ನಂಬುವ ನಮಗೆ, ಕೃಪೆ ಮನುಷ್ಯರ ಕೈಯ ರೂಪ ತಾಳುವುದು ವಿಚಿತ್ರವಾಗಿ ಕಾಣಬಾರದು.

ಇದಕ್ಕೆ ಜೊತೆಯಾಗಿ ಫ್ರೆಂಚ್ ಕಥೋಲಿಕ ಲೇಖಕ ಜಾರ್ಜ್ ಬರ್ನಾನೋಸರ ‘ಕಾರ್ಮೆಲೈಟರ ಸಂವಾದಗಳು’ ನಾಟಕವನ್ನು ಇಟ್ಟು ನೋಡಬಹುದು. ಲೇಖಕರ ಮರಣಾನಂತರ 1949ರಲ್ಲಿ ಅದು ಪ್ರಕಟವಾಯಿತು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1794ರ ಜುಲೈ 17ರಂದು ಶಿರಚ್ಛೇದಕ್ಕೊಳಗಾದ ಕೊಂಪಿಯೇನ್ ಮಠದ 16 ಮಂದಿಯ ಕಥೆ ಅದರ ಹಿನ್ನೆಲೆ. 2024ರ ಡಿಸೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಆ ರಕ್ತಸಾಕ್ಷಿಗಳನ್ನು ಸಂತರ ಸಾಲಿಗೆ ಸೇರಿಸಿದರು. ನಾಟಕದ ಕೇಂದ್ರದಲ್ಲಿರುವ ಬ್ಲಾಂಶ್ ಎಂಬ ಕಲ್ಪಿತ ಯುವತಿ ಹುಟ್ಟಾ ಅಂಜುಬುರುಕಿ. ಜೀವನವಿಡೀ ಮರಣವನ್ನು ಧ್ಯಾನಿಸಿದ ಮಠದ ಹಿರಿಯ ತಾಯಿ ಮಾತ್ರ ಭಯಭೀತರಾಗಿ ಸಾಯುತ್ತಾರೆ. ಮಠವೇ ಬೆಚ್ಚುತ್ತದೆ. ಆಗ ಒಬ್ಬ ಕಿರಿಯ ಸೋದರಿ, ತಾಯಿ ಇನ್ನಾರದೋ ಮರಣವನ್ನು ತಾವು ಹೊತ್ತಿರಬಹುದು, ಆ ಇನ್ನೊಬ್ಬರಿಗೆ ಸಾವು ಸುಲಭವಾದೀತು ಎಂಬರ್ಥದಲ್ಲಿ ಊಹಿಸುತ್ತಾಳೆ. ಕೊನೆಯಲ್ಲಿ ವಧಾಸ್ಥಾನಕ್ಕೆ ನಿರ್ಭಯವಾಗಿ ನಡೆದು ಬರುವವಳು ಆ ಅಂಜುಬುರುಕಿ ಬ್ಲಾಂಶ್. ಸಂತರ ಅನ್ಯೋನ್ಯತೆಯನ್ನು ನಂಬುತ್ತೇವೆಂದು ನಾವು ವಿಶ್ವಾಸ ಸಂಗ್ರಹದಲ್ಲಿ ಹೇಳುತ್ತೇವಲ್ಲ, ಅದರ ಅರ್ಥವನ್ನು ಈ ಪ್ರಸಂಗ ಭಯದ ಭಾಷೆಯಲ್ಲಿ ವಿವರಿಸುತ್ತದೆ. ಒಬ್ಬರ ಧೈರ್ಯದ ಹಿಂದೆ ಇನ್ನೊಬ್ಬರು ಹೊತ್ತ ನಡುಕವಿರುತ್ತದೆ.

ಹಾಗಾದರೆ ಏನು ಹೇಳಬೇಕು?

2020ರ ಮಾರ್ಚ್ 27ರ ಸಂಜೆ, ಮಳೆಯಲ್ಲಿ ನೆನೆದ ನಿರ್ಜನ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತ ಜಗದ್ಗುರು ಫ್ರಾನ್ಸಿಸರನ್ನು ಟಿವಿಯಲ್ಲಿ ನೋಡಿದವರಿಗೆ ಆ ದೃಶ್ಯ ಮರೆಯದು. ಅವರು ಆರಿಸಿಕೊಂಡದ್ದು ಬಿರುಗಾಳಿಯ ಅದೇ ಪ್ರಸಂಗ. ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆಂಬುದು ಅವರ ಮಾತಿನ ಸಾರ. ಔಷಧಿ, ಆಹಾರ, ಸಾರಿಗೆ, ಶುಚಿತ್ವದ ಕೆಲಸ ಮಾಡುವವರನ್ನು ಅವರು ಆ ಪ್ರಬೋಧನೆಯಲ್ಲೇ ನೆನೆದರು. ನಾಗಿಯನ್ನು ಮರೆಯದ ಪ್ರಬೋಧನೆ ಹೇಗಿರುತ್ತದೆ ಎಂಬುದಕ್ಕೆ ಅದು ಮಾದರಿ.

ಈ ಮಾದರಿಯನ್ನು ನಮ್ಮ ಬೀದಿಗೆ ತಂದರೆ ಕೆಲವು ಕರ್ತವ್ಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ರೋಗವಾದ ಭಯವನ್ನು ರೋಗವೆಂದು ಗುರುತಿಸುವುದು. ವಾರಗಟ್ಟಲೆ ನಿದ್ರೆಯಿಲ್ಲ, ಕಾರಣವಿಲ್ಲದೆ ಎದೆ ಬಡಿತ, ಮನೆಯಿಂದ ಹೊರಗೆ ಕಾಲಿಡಲಾಗದು ಎನ್ನುವವರಿಗೆ ಒಂದು ನವೇನ ಹೆಚ್ಚು ಮಾಡಿ ಎಂದಷ್ಟೇ ಹೇಳಿ ಕಳಿಸುವುದು ಅನ್ಯಾಯ. ನಿಮ್ಹಾನ್ಸ್ ಇರುವ ಊರಿನಲ್ಲಿ ನಾವಿದ್ದೇವೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಾ ಜಪಸರ ಹೇಳುವವರು ಮನಸ್ಸಿನ ಕಾಯಿಲೆಗೂ ಹಾಗೆಯೇ ಮಾಡಬಹುದು.

ಎರಡನೆಯದು, ಅನ್ಯಾಯದಿಂದ ಹುಟ್ಟಿದ ಭಯವನ್ನು ನ್ಯಾಯದಿಂದ ಎದುರಿಸುವುದು. ಸಾಲದ ಕಂತು ವಸೂಲಿಗೆ ಬರುವವರ ಬೆದರಿಕೆಗೆ ನಡುಗುವ ಹೆಣ್ಣುಮಗಳಿಗೆ ತಾಳ್ಮೆಯ ಉಪದೇಶ ಸಾಲದು. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು ಎಂಬುದನ್ನು ಆಕೆಗೆ ತಿಳಿಸಬೇಕು. ಪೊಲೀಸ್ ಠಾಣೆಗೋ ಉಚಿತ ಕಾನೂನು ನೆರವಿನ ಕಚೇರಿಗೋ ಜೊತೆಯಲ್ಲಿ ಹೋಗಬೇಕು. ಪ್ರಭು ಮೊದಲು ಅರಸಿರೆಂದು ಹೇಳಿದ್ದು ದೇವರ ಸಾಮ್ರಾಜ್ಯವನ್ನೂ ಅವರ ನ್ಯಾಯನೀತಿಯನ್ನೂ ಅಲ್ಲವೇ? 1833ರಲ್ಲಿ ಪ್ಯಾರಿಸಿನ ವಿದ್ಯಾರ್ಥಿ ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಸದಸ್ಯರು ಬಡವರನ್ನು ತಮ್ಮಲ್ಲಿಗೆ ಕರೆಸದೆ ತಾವೇ ಅವರ ಮನೆಗೆ ಹೋಗುವ ಪದ್ಧತಿ ಇಟ್ಟುಕೊಂಡದ್ದು ಅರ್ಥಪೂರ್ಣ. ಭಯವಿರುವುದು ಮನೆಯಲ್ಲಿ; ಮದ್ದೂ ಅಲ್ಲಿಗೇ ಹೋಗಬೇಕು.

ಮೂರನೆಯದು ಪ್ರಾರ್ಥನೆ. ಮೂರನೆಯದಾಗಿ ಹೇಳಿದೆನೆಂದು ಅದು ಕಡಿಮೆಯಲ್ಲ. ಮೇಲಿನ ಎರಡಕ್ಕೂ ಉಸಿರು ಕೊಡುವುದೇ ಅದು. ಎಲ್ಲ ಮದ್ದೂ ಎಲ್ಲ ಕಾನೂನೂ ಮುಗಿದ ಮೇಲೂ ಉಳಿಯುವ ಭಯವೊಂದಿದೆ: ಮರಣದ ಭಯ, ಪ್ರೀತಿಸಿದವರನ್ನು ಕಳೆದುಕೊಳ್ಳುವ ಭಯ. ಅಲ್ಲಿ ವೈದ್ಯರೂ ವಕೀಲರೂ ಬಾಗಿಲಲ್ಲೇ ನಿಲ್ಲುತ್ತಾರೆ. ಅಲ್ಲಿ ನಮಗೆ ಉಳಿಯುವುದು ಶಿಲುಬೆಯಿಂದ ಕೂಗಿದವರ ಜೊತೆ ಕೂಗುವ ಹಕ್ಕು, ಮತ್ತು ಆ ಕೂಗನ್ನು ಪಿತದೇವರು ಮೂರನೆಯ ದಿನ ಆಲಿಸಿದರೆಂಬ ವಿಶ್ವಾಸ. ಈ ವಿಶ್ವಾಸವಿರುವವರಿಗೂ ಕೈ ನಡುಗೀತು. ನಡುಗುವ ಕೈಯಲ್ಲೇ ಅವರು ಜಪಸರ ಹಿಡಿಯುತ್ತಾರೆ, ಪಕ್ಕದವರ ಕೈಯನ್ನೂ ಹಿಡಿಯುತ್ತಾರೆ.

ಆದ್ದರಿಂದ ಪ್ರಿಯ ಓದುಗರೇ, ಭಯ ನಿವಾರಣೆಯ ಹೊತ್ತಗೆಯೊಂದು ಮುಂದೆ ತಮ್ಮ ಕೈಗೆ ಬಂದರೆ ಮೂರು ಪ್ರಶ್ನೆ ಹಾಕಿ ನೋಡಿ. ಹೆದರಿದವರನ್ನು ಅದು ನಾಚಿಸುತ್ತದೆಯೇ? ನೆರೆಯವರ ಕಡೆಗೆ ಅದು ನಮ್ಮನ್ನು ತಿರುಗಿಸುತ್ತದೆಯೇ? ಗೆತ್ಸೆಮನೆಗೆ ಅದರಲ್ಲಿ ಸ್ಥಳವಿದೆಯೇ? ಉತ್ತರ ಸಮಾಧಾನಕರವಾಗಿದ್ದರೆ ಓದಿ, ಇತರರಿಗೂ ಕೊಡಿ. ಇಲ್ಲವಾದರೆ ಅದನ್ನು ಬದಿಗಿಟ್ಟು, ಈ ರಾತ್ರಿ ನಿದ್ರೆ ಬಾರದೆ ಹೊರಳುತ್ತಿರುವವರು ತಮ್ಮ ಬೀದಿಯಲ್ಲಿ ಯಾರಿರಬಹುದೆಂದು ಯೋಚಿಸಿ, ನಾಳೆ ಅವರ ಮನೆಯ ಬಾಗಿಲು ತಟ್ಟಿ. ತಮ್ಮೊಡನೆ ಎಚ್ಚರವಾಗಿರಲು ಕೇಳಿಕೊಂಡ ಪ್ರಭು ಆ ಬಾಗಿಲಿನ ಆಚೆ ಇದ್ದಾರು.